ಊಟಕ್ಕೆ ಒಂದು ತಾಸು, ಆಮೇಲೆ ಹೊಟ್ಟೆನೋವು: ಮಗನಿಗೆ ಪಚನದ ಟಾನಿಕ್ ಬೇಕಾ?

ಪ್ರಶ್ನೆ (ತಾಯಿ, ಕಲಬುರಗಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ ಐದು ವರ್ಷ, ಯುಕೆಜಿ. ಮೊಬೈಲ್ ಕೊಟ್ಟರೆ ಮಾತ್ರ ಬಾಯಿ ತೆಗೆಯುತ್ತಾನೆ. ಅನ್ನ ಬೇಳೆ ಕಲಸಿಕೊಂಡು ಹಿಂದೆ ಹಿಂದೆ ಓಡಬೇಕು, ಒಂದು ತಾಸು ಹಿಡಿಯುತ್ತದೆ. ತುತ್ತು ಕೆನ್ನೆಯಲ್ಲೇ ಇಟ್ಟುಕೊಂಡಿರುತ್ತಾನೆ, ನೀರು ಕುಡಿದು ನುಂಗುತ್ತಾನೆ. ಮೂರು ದಿನಕ್ಕೊಮ್ಮೆ ಸಂಡಾಸ್, ಅದೂ ಗಟ್ಟಿ, ಅಳುತ್ತಾನೆ. ಹೊಟ್ಟೆನೋವು ಅಂತಾನೆ. ಮುಂಜಾನೆ, ಸಂಜೆ, ರಾತ್ರಿ ಒಂದೊಂದು ದೊಡ್ಡ ಗ್ಲಾಸ್ ಹಾಲು ಕೊಡುತ್ತೇನೆ. ಶಾಲೆಯಿಂದ ಬಂದ ಕೂಡಲೇ ಹಸಿದಿರುತ್ತಾನೆ ಅಂತ ಅತ್ತೆಯವರು ಬಿಸ್ಕತ್ತು, ಚಿಪ್ಸ್ ಕೊಡುತ್ತಾರೆ. ಬೇಡ ಅನ್ನೋಕೆ ನನಗೆ ಆಗಲ್ಲ. ಪಚನಕ್ಕೆ ಒಳ್ಳೆ ಟಾನಿಕ್ ಹೇಳಿ.

ಉತ್ತರ (ಮಕ್ಕಳ ವೈದ್ಯೆ): ಅಮ್ಮಾ, ನೀವು ಬರೆದದ್ದು ನೋಡಿದರೆ ಟಾನಿಕ್ ಬೇಕು ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಮಗನಿಗೆ ಹಸಿವಾಗಲು ಹೊತ್ತೇ ಸಿಗುತ್ತಿಲ್ಲ.

ಹಾಲಿನಿಂದ ಶುರು ಮಾಡೋಣ. ಮೂರು ದೊಡ್ಡ ಗ್ಲಾಸ್ ಅಂದರೆ 600 ರಿಂದ 750 ಮಿಲಿ. ಈ ವಯಸ್ಸಿಗೆ ದಿನಕ್ಕೆ 400 ಮಿಲಿ ಸಾಕು, 500 ದಾಟಬಾರದು. ಹಾಲಿನಲ್ಲಿ ನಾರು ಇಲ್ಲ, ಕಬ್ಬಿಣ ತೀರಾ ಕಡಿಮೆ. ಹೊಟ್ಟೆ ಮಾತ್ರ ತುಂಬುತ್ತದೆ. ಹಾಲು ಜಾಸ್ತಿಯಾದ ಮಕ್ಕಳಲ್ಲಿ ಮಲಬದ್ಧತೆ, ರಕ್ತ ಕಡಿಮೆಯಾಗುವುದು ಎರಡನ್ನೂ ನೋಡುತ್ತೇವೆ. ಎರಡು ಸಣ್ಣ ಗ್ಲಾಸಿಗೆ ಇಳಿಸಿ. ಊಟಕ್ಕೆ ಮೊದಲಂತೂ ಬೇಡವೇ ಬೇಡ.

ಆಮೇಲೆ ಹೊತ್ತು ಗೊತ್ತು ಮಾಡಿ. ನಾಷ್ಟಾ, ಮಧ್ಯಾಹ್ನದ ಊಟ, ಸಂಜೆ ಏನಾದರೂ ಸ್ವಲ್ಪ, ರಾತ್ರಿ ಊಟ. ಮಧ್ಯೆ ಎರಡೂವರೆ ಮೂರು ತಾಸು ನೀರು ಬಿಟ್ಟು ಬೇರೇನೂ ಇಲ್ಲ. ಶಾಲೆಯಿಂದ ಬಂದಾಗ ಅವನಿಗೆ ನಿಜವಾಗಿ ಹಸಿವಾಗಿರುತ್ತದೆ. ಆ ಹಸಿವನ್ನು ಬಿಸ್ಕತ್ತಿಗೆ ಕೊಡಬೇಡಿ, ಕೈಕಾಲು ತೊಳೆಸಿ ನೇರ ಊಟಕ್ಕೇ ಕೂರಿಸಿ. ಅತ್ತೆಯವರ ಜೊತೆ ಜಗಳ ಬೇಡ, ಅವರು ಪ್ರೀತಿಯಿಂದಲೇ ಕೊಡುತ್ತಿದ್ದಾರೆ. "ಅತ್ತೆ, ನೀವು ಜೊತೆಗೆ ಕೂತರೆ ಅವನು ಉಣ್ಣುತ್ತಾನೆ" ಅಂತ ಕೇಳಿ ನೋಡಿ. ಸಂಜೆಯ ಬಾಳೆಹಣ್ಣು, ಪೇರಲ, ಶೇಂಗಾ ಉಂಡೆ ಅವರ ಕೈಯಿಂದಲೇ ಹೋಗಲಿ.

ಮೊಬೈಲ್ ಪೂರ್ತಿ ಬಂದ್ ಮಾಡಿ, ಟಿವಿ ಕೂಡ. ದೊಡ್ಡವರೂ ಆ ಹೊತ್ತಿಗೆ ಫೋನ್ ಆಚೆ ಇಡಬೇಕು. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಬಾಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಅನ್ನ, ರೊಟ್ಟಿ ಪಚನವಾಗಲು ಶುರುವಾಗುವುದೇ ಬಾಯಿಯ ಜೊಲ್ಲಿನಲ್ಲಿ. ಅಗಿಯದೆ ನೀರಿನ ಜೊತೆ ಹಾಗೇ ನುಂಗಿದರೆ ಆ ಕೆಲಸ ಸರಿಯಾಗಿ ಆಗುವುದಿಲ್ಲ. ನೆಲದ ಮೇಲೆ ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಅವನದೇ ಒಂದು ಸಣ್ಣ ತಾಟು, ಸ್ವಲ್ಪವೇ ಬಡಿಸಿ, ಬೇಕಾದರೆ ಮತ್ತೆ ಕೇಳಲಿ. ತನ್ನ ಕೈಯಿಂದ ಉಣ್ಣಲಿ, ಚೆಲ್ಲಿದರೆ ಚೆಲ್ಲಲಿ. ಅರ್ಧ ತಾಸಾದ ಮೇಲೆ ತಾಟು ಎತ್ತಿಬಿಡಿ. ಬೈಯಬೇಡಿ, ಲಂಚವೂ ಬೇಡ. ಏನು ಮಾಡಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಎಷ್ಟು ಉಣ್ಣಬೇಕು ಅನ್ನುವುದನ್ನು ಅವನಿಗೇ ಬಿಡಿ.

ಮೊದಲ ಮೂರ್ನಾಲ್ಕು ದಿನ ಕಡಿಮೆ ಉಣ್ಣುತ್ತಾನೆ, ನಿಮ್ಮ ಕರುಳು ಚುರುಕ್ ಅನ್ನುತ್ತದೆ. ತಡೆದುಕೊಳ್ಳಿ. ತೂಕ ಸರಿಯಿರುವ ಮಗು ಮುಂದಿನ ಊಟದಲ್ಲಿ ಅದನ್ನು ತುಂಬಿಕೊಳ್ಳುತ್ತದೆ. ತೂಕ ಕಡಿಮೆ ಇದ್ದರೆ ಮಾತ್ರ ಮೊದಲು ಮಗುವನ್ನು ಡಾಕ್ಟರಿಗೆ ತೋರಿಸಿ.

ನಾರಿಗೆ ಅಂಗಡಿ ಡಬ್ಬಿ ಹುಡುಕಬೇಡಿ. ಐದು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 10 ಗ್ರಾಂ ನಾರು ಬೇಕು. 100 ಗ್ರಾಂ ಜೋಳದಲ್ಲೇ ಹೆಚ್ಚುಕಡಿಮೆ ಅಷ್ಟಿದೆ, ನಮ್ಮ ತೊಗರಿಬೇಳೆಯಲ್ಲೂ ಚೆನ್ನಾಗಿದೆ. ರೊಟ್ಟಿ ಅವನಿಗೆ ಅಗಿಯೋಕೆ ಗಟ್ಟಿಯಾದರೆ ಮುಟಗಿ ಮಾಡಿ. ಹಂಚಿನಿಂದ ತೆಗೆದ ಬಿಸಿ ರೊಟ್ಟಿ ಮುರಿದು, ಒಂದೆಸಳು ಬೆಳ್ಳುಳ್ಳಿ, ಉಪ್ಪು, ತುಪ್ಪ ಹಾಕಿ ಕುಟ್ಟಿದರೆ ಮೆತ್ತಗಾಗುತ್ತದೆ. ಖಡಕ್ ರೊಟ್ಟಿ ಇದ್ದರೆ ಬಿಸಿ ಬೇಳೆಯಲ್ಲಿ ನೆನೆಸಿ ಕೊಡಿ. ಪುಂಡಿ ಪಲ್ಯ, ಮೆಂತ್ಯ ಪಲ್ಯ ಒಂದು ಬೆರಳಿನಷ್ಟು ಪಕ್ಕದಲ್ಲಿಡಿ. ಹತ್ತು ಸಲ ಬೇಡ ಅಂದವನು ಹನ್ನೊಂದನೇ ಸಲ ನೆಕ್ಕಿ ನೋಡಬಹುದು.

ಇನ್ನು ಸಂಡಾಸ್ ವಿಷಯ. ನನಗೆ ಎಲ್ಲಕ್ಕಿಂತ ಚಿಂತೆ ಇದರದೇ. ಒಮ್ಮೆ ನೋವಾದ ಮಗು ಹೆದರಿ ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಒಣಗಿ ಗಟ್ಟಿಯಾಗುತ್ತದೆ, ಮತ್ತೆ ನೋವು. ಹಸಿವು ಸಾಯುವುದಕ್ಕೆ ಇದೂ ಒಂದು ಕಾರಣ. ಊಟವಾದ ಮೇಲೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಹಾಗಾಗಿ ನಾಷ್ಟಾ ಆದ ಮೇಲೆ, ರಾತ್ರಿ ಊಟವಾದ ಮೇಲೆ ಐದು ನಿಮಿಷ ಕೂರಿಸಿ. ಬಂದರೂ ಸರಿ, ಬರದಿದ್ದರೂ ಸರಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಇಡಿ, ಕಾಲು ಜೋತಾಡುತ್ತಿದ್ದರೆ ಮುಕ್ಕಲು ಆಗುವುದಿಲ್ಲ. ಔಡಲ ಎಣ್ಣೆ ಕುಡಿಸುವುದು, ಸಾಬೂನಿನ ತುಂಡು ಇಡುವುದು ದಯವಿಟ್ಟು ಬೇಡ. ಇಷ್ಟು ಗಟ್ಟಿಯಾಗುತ್ತಿದ್ದರೆ ಮಲ ಮೆತ್ತಗಾಗುವ ಔಷಧಿ ಕೆಲವು ವಾರ ಬೇಕಾಗಬಹುದು. ಅದನ್ನು ಮಗುವನ್ನು ನೋಡಿಯೇ ಬರೆಯಬೇಕು.

ಪ್ರಶ್ನೆ (ತಂದೆ, ಆಳಂದ): ಮೇಡಂ, ಮಗಳಿಗೆ ಮೂರು ವರ್ಷ. ನಮ್ಮ ತಾಟಿನಲ್ಲೇ ಕೈ ಹಾಕಿ ಶೇಂಗಾ ಹಿಂಡಿ (ಚಟ್ನಿಪುಡಿ), ಮಿರ್ಚಿ ಭಜಿ ಎಲ್ಲಾ ತಿನ್ನುತ್ತಾಳೆ. ಹೊಟ್ಟೆ ಕೆಡಲ್ವಾ?

ಉತ್ತರ: ಹಿಂಡಿ ಒಂದು ಚಿಟಿಕೆ ಮೊಸರಲ್ಲಿ ಕಲಸಿ ಕೊಡಿ, ತೊಂದರೆ ಇಲ್ಲ. ಭಜಿ ಅಪರೂಪಕ್ಕೆ ಇರಲಿ, ಒಳಗಿನ ಮೆಣಸಿನಕಾಯಿ ಬೇಡ. ನನಗೆ ಖಾರಕ್ಕಿಂತ ಹೆದರಿಕೆ ಇಡೀ ಶೇಂಗಾ ಕಾಳಿನದು. ಐದು ವರ್ಷದೊಳಗಿನ ಮಕ್ಕಳ ಶ್ವಾಸನಾಳಕ್ಕೆ ಅದು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಪುಡಿ ಮಾಡಿಯೇ ಕೊಡಿ. ಮಗು ಓಡುತ್ತಾ, ನಗುತ್ತಾ ತಿನ್ನುವುದು ಬೇಡ, ಕೂತೇ ತಿನ್ನಲಿ.

ಪ್ರಶ್ನೆ (ಅಜ್ಜಿ, ಬೀದರ್): ಊಟದ ನಡುವೆ ನೀರು ಕುಡಿದರೆ ಪಚನ ಆಗಲ್ಲ ಅಂತಾರಲ್ಲವ್ವಾ, ಮೊಮ್ಮಕ್ಕಳನ್ನು ತಡೆಯಬೇಕಾ?

ಉತ್ತರ: ಬೇಡ ಅಜ್ಜಿ. ಗುಟುಕು ಗುಟುಕು ಕುಡಿದರೆ ಪಚನಕ್ಕೆ ಏನೂ ಆಗುವುದಿಲ್ಲ. ಊಟಕ್ಕೆ ಮೊದಲೇ ದೊಡ್ಡ ಲೋಟ ಖಾಲಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ. ತೆಳು ಮಜ್ಜಿಗೆ ಕೊಡಿ, ಒಳ್ಳೆಯದು.

ಪ್ರಶ್ನೆ (ಕಲಬುರಗಿಯ ತಾಯಿ ಮತ್ತೆ): ತುಂಬಾ ಧನ್ಯವಾದ ಮೇಡಂ. ಶಾಲೆಯಲ್ಲಿ ಅವನು ಸಂಡಾಸಿಗೆ ಹೋಗುವುದೇ ಇಲ್ಲ, ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ. ಜಂತುಹುಳ ಇರಬಹುದಾ? ಯಾವಾಗ ತೋರಿಸಲಿ?

ಉತ್ತರ: ಬಾಟಲಿ ತುಂಬಿ ಬರುವುದು ನೀವು ಒಳ್ಳೆಯದು ಗಮನಿಸಿದ್ದೀರಿ. ಎಷ್ಟೋ ಮಕ್ಕಳು ಶಾಲೆಯ ಸಂಡಾಸಿಗೆ ಹೋಗುವುದು ಬೇಡ ಅಂತಲೇ ನೀರು ಕುಡಿಯುವುದಿಲ್ಲ. ಟೀಚರ್ ಹತ್ತಿರ ಮಾತಾಡಿ, ಕೇಳಿದ ತಕ್ಷಣ ಕಳಿಸಲಿ, ಬಾಗಿಲು, ನೀರು ಸರಿ ಇದೆಯಾ ಅಂತ ನೀವೇ ಒಮ್ಮೆ ನೋಡಿ ಬನ್ನಿ.

ಜಂತುಹುಳದ ಮಾತ್ರೆ ಅಲ್ಬೆಂಡಜೋಲ್ ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಾರೆ. ತಪ್ಪಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಮೂರು ದಿನಕ್ಕೊಮ್ಮೆ ಅಳುತ್ತಾ ಹೋಗುತ್ತಿದ್ದಾನೆ ಅಂದಿರಲ್ಲ, ಈ ವಾರವೇ ಒಮ್ಮೆ ತೋರಿಸಿ. ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆ ಉಬ್ಬುವುದು, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ. ಅಲ್ಲಿಯವರೆಗೆ ನಾಳೆಯಿಂದಲೇ ನಾಷ್ಟಾವನ್ನು ಶಾಲೆ ಬಸ್ ಬರುವುದಕ್ಕೆ ಮುಕ್ಕಾಲು ತಾಸು ಮೊದಲು ಮುಗಿಸಿ, ಸಂಡಾಸಿಗೆ ಕೂರಲು ಅವನಿಗೆ ಹೊತ್ತು ಸಿಗಬೇಕು.