ಸೊಪ್ಪಿನ ತೋಟ ಕೀಳಬೇಡ ಕಣ್ಮಗ

ಮಗ, ಕೇಳಿಸ್ತಾ ಐತಾ? ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನಿಮ್ಮಕ್ಕ ಓದಿ ಹೇಳಿದ್ಲು. "ದೊಡ್ಡಮ್ಮ, ರೇಷ್ಮೆಗೂಡಿನ ರೇಟು ಬಿದ್ದೋಗೈತೆ, ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯೋ ಚರಕದವರು ಒಬ್ಬೊಬ್ಬರೇ ಒಲೆ ಆರಿಸ್ತಾ ಅವ್ರೆ, ಚರಕ ನಿಂತ್ರೆ ಗೂಡು ಯಾರು ಕೊಳ್ತಾರೆ, ಗೂಡು ಕಟ್ಟೋಕೆ ರೆಡಿಯಾದ ಹಣ್ಣುಹುಳ ಆಯೋಕೆ ಆಳಿಲ್ಲ, ಎರಡೆಕರೆ ಹಿಪ್ಪುನೇರಳೆ ಸೊಪ್ಪು ಕಿತ್ತು ಅಡಿಕೆ ಇಡ್ಲಾ, ಸೋಮವಾರ ಜೆಸಿಬಿ ಬರ್ತದೆ" ಅಂತ. ಜೆಸಿಬಿಯವನಿಗೆ ಹೇಳಿ ಆದ್ಮೇಲೆ ದೊಡ್ಡಮ್ಮನ್ನ ಕೇಳೋದು. ಇರ್ಲಿ. ಕೀಳಬೇಡ. ಮೊದಲು ಅಷ್ಟು ಹೇಳ್ಬಿಡ್ತೀನಿ, ಆಮೇಲೆ ಇದು ಎಷ್ಟು ಉದ್ದ ಹೋಗ್ತದೋ ನಂಗೊತ್ತಿಲ್ಲ.

ಕೆರೆ ಹಿಂದಿನ ತೋಟ ಏನಾಯ್ತು ಅಂತ ನಿಮಗೆಲ್ಲ ಗೊತ್ತಲ್ಲ. ಗೊತ್ತಿದ್ದೂ ಹಿಂಗೆ ಕೇಳ್ತೀರಿ. 2011ರ ಬಜೆಟ್ಟಲ್ಲಿ ಹೊರದೇಶದ ಕಚ್ಚಾ ರೇಷ್ಮೆ ಮೇಲೆ 30 ಪರ್ಸೆಂಟ್ ಇದ್ದ ಸುಂಕಾನ ಒಂದೇ ಏಟಿಗೆ 5ಕ್ಕೆ ಇಳಿಸಿದ್ರು. ಚೀನಾ ನೂಲು ಅಗ್ಗ ಆಯ್ತು. ಅದರ ಎಳೆ ಒಂದೇ ಸಮ ಇರ್ತದೆ, ಪವರ್‌ಲೂಮಿನ ಉದ್ದದ ಎಳೆಗೆ (ಹಾಸು) ಹಾಕಿದ್ರೆ ಕಡಿಯಲ್ಲ. ನಮ್ಮ ಚರಕದ ನೂಲು ದಪ್ಪ ಸಣ್ಣ ಬರ್ತದೆ, ಅದು ಅಡ್ಡ ಎಳೆಗೇ (ಹೊಕ್ಕು) ಸರಿ. ನೇಯೋರು ಆ ಕಡೆ ತಿರುಗಿದ್ರು, ನೂಲು ತೆಗೆಯೋ ರೀಲರುಗಳ ಹತ್ರ ನೂಲು ಉಳೀತು, ಉಳಿದ ಮೇಲೆ ಗೂಡು ಕೊಳ್ಳೋಕೆ ಅವರ ಕೈಲಿ ದುಡ್ಡೆಲ್ಲಿ? ಅವರು ಬೆಳಿಗ್ಗೆ ಗೂಡಿಗೆ ಹಾಕಿದ ದುಡ್ಡು ನೂಲು ಮಾರಿದ ಮೇಲೇ ತಾನೆ ಹಿಂದಕ್ಕೆ ಬರೋದು. ನಾಕೇ ತಿಂಗಳಲ್ಲಿ ನಮ್ಮ ಗೂಡಿನ ರೇಟು ಅರ್ಧಕ್ಕೂ ಕೆಳಗೆ ಬಂತು. ನಿಮ್ಮ ದೊಡ್ಡಪ್ಪ ಮಾರ್ಕೆಟ್ಟಿಂದ ಖಾಲಿ ಚೀಲ ಹೆಗಲ ಮೇಲೆ ಹಾಕ್ಕೊಂಡು ಬಂದೋರು ಕಾಲು ಸೈತ ತೊಳೀದೆ ಜೆಸಿಬಿಯವನಿಗೆ ಫೋನು ಮಾಡಿದ್ರು. ಎರಡೆಕರೆ, 8 ವರ್ಷದ ವಿ-1 ತಳಿ ಕಡ್ಡಿ, ಮಧ್ಯಾಹ್ನಕ್ಕೆ ಬದುವಿನ ಮೇಲೆ ರಾಶಿ.

ಕಿತ್ತಿದ್ದಕ್ಕೆ ಒಂದು ದಿನ. ಮತ್ತೆ ಹಾಕೋಕೆ ಏನಾಯ್ತು ಕೇಳು. 2013ರಲ್ಲಿ ಸುಂಕ 5ರಿಂದ 15ಕ್ಕೆ ಏರಿಸಿದ್ರು, ರೇಟು ಚೇತರಿಸ್ಕೊಂತು, ಕೀಳದೆ ಇಟ್ಕೊಂಡೋರು ಗೂಡು ಮಾರ್ತಾ ಇದ್ರು, ನಾವು ಸಸಿ ಹುಡುಕ್ತಾ ಇದ್ವಿ. ಜೋಡಿಸಾಲು, ಸಾಲಿನ ಮಧ್ಯೆ ಒಂದು ಕಡೆ 3 ಅಡಿ ಇನ್ನೊಂದು ಕಡೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಎಕರೆಗೆ 5,445 ಗಿಡ ಹಿಡೀತದೆ, ಎರಡೆಕರೆಗೆ ಹತ್ತಿರ ಹತ್ತಿರ 11 ಸಾವಿರ. ನೆಟ್ಟ ಮೇಲೆ ಐದು ತಿಂಗಳಿಗೆ ಮೊದಲ ಸೊಪ್ಪು, ಅದೂ ತೆಳ್ಳಗೆ. ತುಂಬಿದ ತೋಟ ಅನ್ನಿಸ್ಕೊಳ್ಳೋಕೆ ಮುಂದಿನ ವರ್ಷಾನೇ ಬರಬೇಕು. ಇನ್ನೊಂದು, ಜೆಸಿಬಿ ಬುಡ ಕಿತ್ತರೂ ಬೇರೆಲ್ಲ ಬರಲ್ಲ ಕಣಪ್ಪ. ಆ ಹಳೇ ಬೇರು ಮಣ್ಣೊಳಗೇ ಕೊಳೆತು ಹೊಸ ಸಸಿಗೆ ಬೇರುಕೊಳೆ ಹತ್ತಿಸ್ತು. ಸಾಲು ಸಾಲಲ್ಲ, ಅಲ್ಲೊಂದು ಹತ್ತು ಇಲ್ಲೊಂದು ಇಪ್ಪತ್ತು, ಎಲೆ ಬಾಡಿ ನಿಂತ್ಕೊಳ್ಳೋವು. ಎಳೆದ್ರೆ ತೊಗಟೆ ಕೈಗೆ ಸಿಪ್ಪೆ ಥರ ಬರೋದು.

ಅದೂ ದೊಡ್ಡದಲ್ಲ. ಹುಳುಮನೆ ಕಥೆ ಇನ್ನೂ ಕೆಟ್ಟದ್ದು. ಸೊಪ್ಪಿಲ್ಲ ಅಂದ್ಮೇಲೆ ಹುಳುಮನೆ ಖಾಲಿ ಯಾಕೆ ಅಂತ ಆ ಎರಡು ವರ್ಷ ಟೊಮೇಟೊ ಗೊಬ್ಬರ, ಔಷಧಿ ಡಬ್ಬ, ಸ್ಪ್ರೇಯರು ಎಲ್ಲ ಅಲ್ಲೇ ತುಂಬಿದ್ರು. ಮತ್ತೆ ಹುಳ ತರೋ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಗೋಡೆ ನೆಲ ಎರಡು ಸಲ ತೊಳೆದ್ವಿ. ಬ್ಲೀಚಿಂಗು ರೋಗದ ಕ್ರಿಮಿ ಸಾಯಿಸ್ತದೆ, ಗಾರೆ ಒಳಗೆ ಇಳಿದ ಕೀಟನಾಶಕಾನ ಏನು ಮಾಡ್ತದೆ? 200 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನೋದು) ಚಾಕಿ ಹುಳ, ಅಂದ್ರೆ ಸೆಂಟರಲ್ಲಿ ಸಾಕಿ ಕೊಡೋ ಮರಿಹುಳ, ಮೂರನೇ ಜ್ವರ (ಹುಳ ಪೊರೆ ಬಿಡೋದು) ಎದ್ದು ಚೆನ್ನಾಗಿ ಮೇಯ್ತಾ ಇದ್ದವು. ಒಂದಿನ ಬೆಳಿಗ್ಗೆ ಹುಳದ ಹಾಸಿಗೆ ನೋಡಿದ್ರೆ ಗೋಡೆ ಪಕ್ಕದ ಸ್ಟ್ಯಾಂಡಿನ ಹುಳ ತಲೆ ಮೇಲೆತ್ತಿ ಆ ಕಡೆ ಈ ಕಡೆ ಆಡಿಸ್ತಾ, ಬಾಯಿಂದ ಹಸಿರು ನೀರು ಕಕ್ತಾ, ಮೈ ಮುದುರ್ಕೊಂಡು ಗಿಡ್ಡ ಆಗ್ತಾ ಇದ್ದವು. ಹಾಲುತೊಂಡೆ ರೋಗ ಆದ್ರೆ ಮೈ ಉಬ್ಬಿ ಹಾಲು ಬಣ್ಣದ ನೀರು ಬರ್ತದೆ, ಸಪ್ಪೆ ಆದ್ರೆ ಮೆತ್ತಗಾಗಿ ನಾರ್ತವೆ, ಸುಣ್ಣಕಟ್ಟಾದ್ರೆ ಬೆಳ್ಳಗೆ ಗಟ್ಟಿ ಆಗ್ತವೆ. ಇದು ಯಾವುದೂ ಅಲ್ಲ, ವಿಷ. ಸಂಜೆ ಹೊತ್ತಿಗೆ ಅರ್ಧ ಹೋದ್ವು. ಹಸಿರು ಕಲೆ ಆ ಪೇಪರ್ ಮೇಲೆ ಹಂಗೇ ಇತ್ತು, ಗುಡಿಸಿ ಗುಂಡಿಗೆ ಹಾಕಿದ್ದು ನಾನೇ.

ನಾವೊಬ್ಬರೇ ಕಿತ್ತಿದ್ರೆ ನಮ್ಮ ಪಾಡು ನಮಗೆ ಅನ್ಬೋದಿತ್ತು. ಆ ವರ್ಷ ನಮ್ಮ ಬೀದಿಲಿ ಐದು ಮನೆ ಕಿತ್ತವು. ಎಂಟು ಮನೆ ಸೇರಿ ಮಾರ್ಕೆಟ್ಟಿಗೆ ಒಂದು ಟೆಂಪೋ ಮಾಡ್ತಿದ್ವಿ, ಮೂರು ಮನೆಗೆ ಆ ಬಾಡಿಗೆ ಹುಟ್ಟಲ್ಲ, ಟೆಂಪೋದವನು ಇಟ್ಟಿಗೆ ಹೊಡೆಯೋಕೆ ಹೋದ. ಚಾಕಿ ಸೆಂಟರಿಗೆ ಆರ್ಡರು ಸಾಲದೆ ಬಾಗಿಲು ಹಾಕ್ತು. ನಾವು ಮತ್ತೆ ಶುರು ಮಾಡಿದಾಗ ಚಾಕಿ ಹುಳ ತರೋಕೆ 20 ಕಿಲೋಮೀಟರು. ಎರಡನೇ ಜ್ವರದಲ್ಲಿರೋ ಹುಳಾನ ಬಿಸಿಲಲ್ಲಿ ಆಟೋದಲ್ಲಿ ತಂದ್ರೆ ಕೂಸು ಬಾಡಿದಂಗೆ ಬಾಡ್ತವೆ. ಹುಳ ಗೂಡು ಕಟ್ಟೋ ಬಿದಿರು ತಟ್ಟೆ, ಚಂದ್ರಿಕೆ, ಅದನ್ನ ಹೆಣೀತಿದ್ದ ಮೇದರ ಮನೇಲಿ ಬಿದಿರು ಸೀಳೋದೇ ನಿಂತೋಯ್ತು, ಆಮೇಲೆ ಅದರ ಬದಲಿಗೆ ಪ್ಲಾಸ್ಟಿಕ್ ನೇತ್ರಿಕೆ ಬಂದು ಪೂರ್ತಿ ಮುಗೀತು. ನೀನು ಕಿತ್ತರೆ ನಿನ್ನ ಪಕ್ಕದ ಮನೆಯವರಿಗೂ ಅಷ್ಟಷ್ಟು ಖರ್ಚು ಏರ್ತದೆ. ಅದಕ್ಕೇ ಮತ್ತೆ ಹೇಳ್ತೀನಿ, ಕೀಳಬೇಡ. ಅಡಿಕೆ ಅಂತೀಯ. 9 ಅಡಿಗೊಂದು ಇಟ್ರೆ ಎಕರೆಗೆ 540 ಗಿಡ, ಫಲ ನೋಡೋಕೆ ಐದಾರು ವರ್ಷ, ಅಲ್ಲಿವರೆಗೆ ಬೋರಲ್ಲಿ ನೀರಿರಬೇಕು. ರೇಷ್ಮೆ ಆದ್ರೆ ವರ್ಷಕ್ಕೆ ಐದು ಬೆಳೆ, ಎಪ್ಪತ್ತು ದಿನಕ್ಕೊಂದು ಸಲ ಕೈಗೆ ಕಾಸು. ನಿನ್ನ ಮಗಳ ಫೀಸು ಐದಾರು ವರ್ಷ ಕಾಯ್ತದಾ?

ಮಾತು ಬಂತು ಅಂತ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಬೇಜಾರಾದ್ರೂ ಸರಿಯೇ. ಅವತ್ತು ಆ ತೋಟ ಕೀಳೋವಾಗ ಹೆಂಗಸರನ್ನ ಯಾರಾದ್ರೂ ಕೇಳಿದ್ರಾ? ನಡುರಾತ್ರಿ ಎದ್ದು ಸೊಪ್ಪು ಹಾಕೋಳು ನಾನು, ಹಾಸಿಗೆ ತೆಗೆಯೋಳು ನಿಮ್ಮಮ್ಮ, ಹಣ್ಣುಹುಳ ಆಯೋವಾಗ ಸೊಂಟ ಹಿಡ್ಕೊಂಡು ಕೂತೋರು ನಾವು ನಾಕು ಜನ ಓರಗಿತ್ತೀರು. ರೇಷ್ಮೆ ಇಲಾಖೆ ಪಾಸ್‌ಬುಕ್ಕು ಯಾರ ಹೆಸರಲ್ಲಿ? ಗಂಡಸರ ಹೆಸರಲ್ಲಿ. ಮಾರ್ಕೆಟ್ಟಿಗೆ ಹೋಗೋರು ಅವರು, ದುಡ್ಡು ಬೀಳೋದು ಅವರ ಖಾತೆಗೆ, ಬರೋವಾಗ ನಮಗೆ ಬಿಡದೀಲಿ ಕಟ್ಟಿಸ್ಕೊಂಡ ತಟ್ಟೆ ಇಡ್ಲಿ. ಇವತ್ತೂ ಹಂಗೇ. ನಿನ್ನ ಹೆಂಡತಿನ ಕೇಳಿದ್ಯಾ ನೀನು? ಅವಳೇ ತಾನೆ ಹುಳುಮನೆ ನೋಡ್ಕೊಳ್ಳೋದು, ಈ ಗ್ರೂಪಲ್ಲಿ ಅವಳೊಂದು ಮಾತೂ ಆಡಿಲ್ಲ. ಇನ್ನು ನಿಮ್ಮ ಚಿಕ್ಕಪ್ಪ, ದಿನಾ ಬೆಳಿಗ್ಗೆ ಹೂವಿನ ಫೋಟೋ ಹಾಕ್ತಾರೆ, ತಮ್ಮ ಪಾಲು ಸೈಟು ಮಾಡೋರಿಗೆ ಕೊಟ್ಟಿದ್ದನ್ನ ಹಾಕಲಿಲ್ಲ. ರಾಮನಗರ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂದಿದ್ದೇ ತಡ, ಬ್ರೋಕರುಗಳ ಬೈಕು ಬದುವಿನ ಮೇಲೆಲ್ಲ. ಮೈಸೂರಿನ ಹೊಸ ರೋಡು ಊರಾಚೆ ಹೋದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿಯವರು ಗಿರಾಕಿ ಇಲ್ಲದೆ ಕೂತಿದ್ದು ನೋಡಿದೀರಲ್ಲ, ಆಗ ಯಾವ ಬ್ರೋಕರು ಬಂದಿದ್ದ?

ಅಯ್ಯೋ, ನೀನು ಕೇಳಿದ್ದಕ್ಕೆ ಹೇಳಲೇ ಇಲ್ಲ. ಮೊನ್ನೆ ನೀನು ಹಾಕಿದ ಮಾರ್ಕೆಟ್ ಚೀಟಿ ಫೋಟೋ ನೋಡಿದೆ. ಅದೇ ದಿನ ನಮ್ಮೂರಿನ ಇನ್ನೊಂದು ಲಾಟು, ಅದೂ ನಿನ್ನ ಥರ ಮಿಶ್ರತಳೀನೇ (ನಾಟಿ ತಳಿ ಬೆರೆಸಿದ್ದು), ನಿನ್ನದಕ್ಕಿಂತ ಕೇಜಿಗೆ 60 ರೂಪಾಯಿ ಮೇಲೆ ಹೋಗೈತೆ. ಮಾರ್ಕೆಟ್ಟು ಬಿದ್ದಿದ್ರೆ ಇಬ್ಬರಿಗೂ ಬೀಳಬೇಕಿತ್ತಲ್ಲ. ನಿನ್ನ ಹೆಂಡತಿಗೆ ಫೋನು ಮಾಡಿ ಕೇಳಿದೆ, ಟೆಂಪೋ ಸಿಕ್ತು ಅಂತ ನಾಲ್ಕನೇ ದಿನಕ್ಕೇ ಗೂಡು ಬಿಡಿಸಿದ್ರಂತೆ. ಅಲ್ಲಿ ಕೆಟ್ಟಿದ್ದು. ಒಳಗಿನ ಹುಳ ಇನ್ನೂ ಕೋಶ ಆಗಿರಲ್ಲ, ಚೀಲದಲ್ಲಿ ಒತ್ತಿದ್ರೆ ಒಡೆದು ಗೂಡಿನ ಒಳಗೇ ಕಲೆ ಆಗ್ತದೆ, ಬಿಸಿನೀರಲ್ಲಿ ಬೇಯಿಸಿದಾಗ ಎಳೆ ಕಡೀತಾ ಹೋಗ್ತದೆ. ರೀಲರು ಹರಾಜಿಗೆ ಮುಂಚೆ ಗೂಡು ಕಿವಿ ಹತ್ರ ಅಲ್ಲಾಡಿಸಿ, ಒಂದು ಕತ್ತರಿಸಿ ನೋಡೋದು ಅದಕ್ಕೇ. ಲೆಕ್ಕ ಹಾಕು. ನೂಲು ಕೇಜಿಗೆ 3,500 ಅಂತ ಇಟ್ಕೊ. 7 ಕೇಜಿ ಗೂಡಿಗೆ ಒಂದು ಕೇಜಿ ನೂಲು ಬಂದ್ರೆ ಗೂಡು ಕೇಜಿಗೆ 500 ಬೀಳ್ತದೆ. 8 ಕೇಜಿ ಬೇಕಾದ್ರೆ 437. ಕೂಲಿ, ಸೌದೆ ಅವನು ಆಮೇಲೆ ಕಳೀತಾನೆ. ನಿನ್ನ 60 ರೂಪಾಯಿ ಅಲ್ಲೇ ಐತೆ. ಮಿಶ್ರತಳಿ ಆದ್ರೆ ಐದು ದಿನ ತುಂಬಿ ಆರನೇ ದಿನ ಬಿಡಿಸು, ಬಿಳಿ ಗೂಡಿನ ದ್ವಿತಳಿ (ಬೈವೋಲ್ಟೀನ್) ಆದ್ರೆ ಏಳು ಎಂಟು. ಬಿಡಿಸಿದ ಮೇಲೆ ಜೋಡಿ ಗೂಡು, ಕಲೆ ಗೂಡು, ತೆಳು ಗೂಡು ಬೇರೆ ತೆಗಿ, ಒಳ್ಳೇದರ ಜೊತೆ ಬೆರೆಸಿದ್ರೆ ಇಡೀ ಲಾಟಿಗೆ ಆ ಕೆಟ್ಟದ್ದರ ರೇಟೇ. ಚೀಲ ಗಿಡಿಯಬೇಡ, ಸಡಿಲ ತುಂಬು, ತಂಪೊತ್ತಲ್ಲಿ ಸಾಗಿಸು. ಕೂಗಿದ ರೇಟು ಸರಿಬರದಿದ್ರೆ ಒಪ್ಪಲ್ಲ ಅನ್ನೋ ಹಕ್ಕು ನಿನಗೈತೆ, ಆದ್ರೆ ಗೂಡು ಮನೆಗೆ ತಂದು ದಿನಗಟ್ಟಲೆ ಇಟ್ಕೋಬೇಡ, ಚಿಟ್ಟೆ ತೂತು ಕೊರೆದು ಬಂದ್ರೆ ಅದು ರೀಲಿಗಾಗಲ್ಲ.

ಆಳಿಲ್ಲ ಅಂದ್ಯಲ್ಲ, ಅದು ನಿಜ. ನೀನು ಎರಡೆಕರೆ ಸೊಪ್ಪೂ ಒಟ್ಟಿಗೆ ಕೊಯ್ದು 300 ಮೊಟ್ಟೆ ಒಂದೇ ಸಲ ತರ್ತೀಯ. ಮೊಟ್ಟೆಗೆ 400 ಹುಳ ಅಂದ್ರೂ 1,20,000. ಒಂದು ಚಂದ್ರಿಕೆ ಮೇಲೆ ಸಾವಿರ ಹುಳ ಹಿಡೀತದೆ, 120 ಚಂದ್ರಿಕೆ, ಎಲ್ಲ ಒಂದೇ ದಿನ ಹಣ್ಣಾಗ್ತವೆ. ಹತ್ತು ಜನ ಬೇಕು, ಸಿಗಲ್ಲ, ತಡ ಆದ ಹುಳ ಹಾಸಿಗೇಲೇ ನೂಲು ಬಿಟ್ಟು ಹಾಳು. ತೋಟಾನ ಎರಡು ಭಾಗ ಮಾಡು. ಬಾವಿ ಕಡೆಯ ಎಕರೆ ಈಗ ನೆಲದಿಂದ ಒಂದಡಿಗೆ ಕತ್ತರಿಸಿ ಕೊಟ್ಟಿಗೆ ಗೊಬ್ಬರ ಹಾಕು, ವರ್ಷಕ್ಕೆ ಎಕರೆಗೆ 8 ಟನ್ನು, ಅದನ್ನ ಎರಡು ಕಂತಲ್ಲಿ. ಇನ್ನೊಂದೆಕರೆಯ ಸೊಪ್ಪಿಗೆ 150 ಮೊಟ್ಟೆ ಮಾತ್ರ ತಾ. 35 ದಿನ ಬಿಟ್ಟು, ಈಗ ಕತ್ತರಿಸೋ ಬಾವಿ ಕಡೆಯ ಎಕರೆಗೆ ಇನ್ನೊಂದು 150. ಹಿಂಗೆ ಸರದಿ ಮಾಡಿದ್ರೆ ಪ್ರತಿ ಸಲ 60 ಚಂದ್ರಿಕೆ, ಮನೆ ಜನ ಮತ್ತೆ ಇಬ್ಬರು ಸಾಕು. ರೇಟು ಬಿದ್ದ ದಿನ ನಿನ್ನ ಅರ್ಧ ಗೂಡೇ ಸಿಕ್ಕೊಳ್ಳೋದು, ಪೂರ್ತಿ ಅಲ್ಲ. ಒಂದು ಸರದಿ ಬಿಡಬೇಕು ಅನ್ನಿಸಿದ್ರೂ ಬಿಡು, ಸೊಪ್ಪು ಪಕ್ಕದವರಿಗೆ ಮಾರು, ಗಿಡ ಎಲ್ಲೂ ಹೋಗಲ್ಲ.

ಚರಕ ನಿಂತ್ರೆ ಯಾರು ಕೊಳ್ತಾರೆ ಅಂತ ಕೇಳಿದ್ಯಲ್ಲ. ಈಗ ಆಟೋಮ್ಯಾಟಿಕ್ ರೀಲಿಂಗ್ ಮಿಷನ್ ಇಟ್ಟೋರು ಕೊಳ್ತಾರೆ, ಒಟ್ಟಿಗೆ 400 ಎಳೆ ತೆಗೆಯೋ ಒಂದು ಮಿಷನ್ನು ದಿನಕ್ಕೆ ಅರ್ಧ ಟನ್ನಿಗೂ ಮೀರಿ ಗೂಡು ನುಂಗ್ತದೆ. ಆದ್ರೆ ಅದಕ್ಕೆ ದ್ವಿತಳಿ ಬೇಕು, ಎಲ್ಲ ಗೂಡೂ ಒಂದೇ ಸೈಜಿರಬೇಕು. ದ್ವಿತಳಿ ಬೇಸಿಗೆ ಸೆಕೆ ತಡೆಯಲ್ಲ, ಈಗಲೇ ಪೂರ್ತಿ ಹಾರಬೇಡ. ಮಳೆಗಾಲ ಕಳೆದ ಮೇಲಿನ ಸರದೀಲಿ 50 ಮೊಟ್ಟೆ ಬೇರೆ ಸ್ಟ್ಯಾಂಡಲ್ಲಿ ಹಾಕಿ ನೋಡು. ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಹೋಗಿ ಹೆಂಡತಿ ಹೆಸರಲ್ಲೂ ಪಾಸ್‌ಬುಕ್ಕಿಗೆ ಅರ್ಜಿ ಕೊಡು, ಅದು ಈ ವಾರಾನೇ.

ಜೆಸಿಬಿಯವನಿಗೆ ಈಗಲೇ ಬೇಡ ಅನ್ನು, ಅಡ್ವಾನ್ಸ್ ಹೋದ್ರೆ ಹೋಗಲಿ. ಇನ್ನೊಂದು, ಬೇಲಿ ಆಚೆ ಟೊಮೇಟೊ ಇಟ್ಟವರಲ್ಲ, ಅವರು ಔಷಧಿ ಯಾವತ್ತು ಹೊಡೆದ್ರು ಕೇಳು. ಗಾಳಿ ನಮ್ಮ ಕಡೆ ಇದ್ದಿದ್ರೆ ಆ ಬದುವಿನ ನಾಕು ಸಾಲು ಸೊಪ್ಪು ಹುಳಕ್ಕೆ ಹಾಕ್ಬೇಡ. ಕೇಳಿ ಸಂಜೆ ಇಲ್ಲೇ ಹಾಕು, ನಿಮ್ಮಕ್ಕನ ಕೈಲಿ ಓದಿಸ್ಕೊಂತೀನಿ.