ಅಡುಗೆ ವ್ಯವಹಾರಕ್ಕೆ ಜಾಲತಾಣ: ವರ್ಡ್‌ಪ್ರೆಸ್, ವಿಕ್ಸ್, ಶಾಪಿಫೈಗಳಲ್ಲಿ ಯಾವುದು ಹೊಂದೀತು?

ಡೊಂಬಿವಲಿ ಪಾಕಶಾಲೆ:

ಎಲ್ಲರಿಗೂ ನಮಸ್ಕಾರ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಉಡುಪಿ ಕ್ರಮದ ಅಡುಗೆ ಮಾಡಿಕೊಡುವುದು ಡೊಂಬಿವಲಿಯಲ್ಲಿರುವ ನಮ್ಮ ಸಣ್ಣ ವ್ಯವಹಾರ. ಅದರ ಜೊತೆಗೆ ಸಾರಿನ ಪುಡಿ, ಹುಳಿ ಪುಡಿ, ಹಪ್ಪಳ, ಚಕ್ಕುಲಿಗಳನ್ನು ಪೊಟ್ಟಣ ಕಟ್ಟಿ ಮಾರುತ್ತೇವೆ. ಗೂಗಲ್ ಮ್ಯಾಪ್‌ನ ನಮ್ಮ ವ್ಯಾಪಾರದ ಪುಟದೊಂದಿಗೆ ಉಚಿತವಾಗಿ ದೊರೆತಿದ್ದ ಒಂದು ಪುಟದ ಜಾಲತಾಣವೇ ನಮಗೆ ಸಾಕಾಗಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನೇ ನಿಲ್ಲಿಸಿತು. ಅಂದಿನಿಂದ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತಿದೆ.

ಈಗ ಸ್ವಂತ ಜಾಲತಾಣ ಕಟ್ಟಲು ಯಾವ ತಂತ್ರಾಂಶ ಒಳ್ಳೆಯದೆಂದು ವಿಚಾರಿಸಿದರೆ, ವರ್ಡ್‌ಪ್ರೆಸ್ ಪುಕ್ಕಟೆ, ಅದನ್ನೇ ತೆಗೆದುಕೊಳ್ಳಿ ಎಂದು ಒಬ್ಬರು ಹೇಳುತ್ತಾರೆ. ವಿಕ್ಸ್ ಆದರೆ ನೀವೇ ಮಾಡಿಕೊಳ್ಳಬಹುದು ಎಂದು ಇನ್ನೊಬ್ಬರು. ಪೊಟ್ಟಣ ಮಾರುವವರಿಗೆ ಶಾಪಿಫೈ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಮತ್ತೊಬ್ಬರು. ನಮ್ಮ ಮನೆಯಲ್ಲಿ ಯಾರಿಗೂ ಪ್ರೋಗ್ರಾಮಿಂಗ್ ತಿಳಿಯದು. ಗಿರಾಕಿಗಳಲ್ಲಿ ಕನ್ನಡಿಗರಷ್ಟೇ ಮರಾಠಿಗರೂ ಇದ್ದಾರೆ. ಊಟದ ಪಟ್ಟಿಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಅನುಭವಸ್ಥರು ದಯವಿಟ್ಟು ತಿಳಿಸಿಕೊಡಬೇಕು.

ಠಾಣೆ ವೆಬ್ ಕೆಲಸ:

ಮಾನ್ಯರೇ, ತಂತ್ರಾಂಶದ ಹೆಸರಿಗೆ ಮೊದಲು ಒಂದು ವಿಷಯವನ್ನು ನಿರ್ಧರಿಸಿಕೊಳ್ಳಿ: ಜಾಲತಾಣ ಸಿದ್ಧವಾದ ನಂತರ ಅದನ್ನು ನೋಡಿಕೊಳ್ಳುವವರು ಯಾರು?

ವರ್ಡ್‌ಪ್ರೆಸ್ ಪುಕ್ಕಟೆ ಎಂಬ ಮಾತು ನಿಜವೇ. 2003ರಿಂದ ಇರುವ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಆದರೆ ಅದನ್ನು ನೆಲೆಗೊಳಿಸಲು ಹೋಸ್ಟಿಂಗ್ (ಜಾಲತಾಣ ಇಡುವ ಸರ್ವರ್‌ನ ಜಾಗ) ಬಾಡಿಗೆ ಕಟ್ಟಬೇಕು, ಡೊಮೇನ್ (ಜಾಲತಾಣದ ವಿಳಾಸದ ಹೆಸರು) ಕೊಳ್ಳಬೇಕು; ಎಲ್ಲಕ್ಕಿಂತ ಮುಖ್ಯವಾಗಿ ಮೂಲ ತಂತ್ರಾಂಶ, ಥೀಮ್ (ಪುಟಗಳ ನೋಟದ ವಿನ್ಯಾಸ) ಮತ್ತು ಪ್ಲಗಿನ್‌ಗಳನ್ನು (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ಸಣ್ಣ ತಂತ್ರಾಂಶಗಳು) ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ವಿಚಾರಣೆಯ ಫಾರ್ಮಿಗೊಂದು, ಫೋಟೊಗಳಿಗೊಂದು, ಮರಾಠಿ ಪುಟಗಳಿಗೊಂದು ಎಂದು ಪ್ಲಗಿನ್ ಸೇರಿಸುತ್ತ ಹೋಗಿ ಆಮೇಲೆ ಯಾರೂ ಅತ್ತ ತಿರುಗಿ ನೋಡದಿದ್ದರೆ, ಹಳೆಯದಾದ ಒಂದು ಪ್ಲಗಿನ್ನಿನ ಲೋಪದಿಂದಲೇ ಜಾಲತಾಣಕ್ಕೆ ಕನ್ನ ಬೀಳುತ್ತದೆ. ನನ್ನ ಬಳಿ ದುರಸ್ತಿಗೆ ಬರುವವುಗಳಲ್ಲಿ ಹೆಚ್ಚಿನವು ಇಂಥವೇ.

ಇನ್ನೊಂದು ಗೊಂದಲವಿದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಅದೇ ತಂತ್ರಾಂಶವನ್ನು ತನ್ನ ಸರ್ವರ್‌ಗಳಲ್ಲಿ ನಡೆಸಿಕೊಡುವ ಕಂಪನಿಯ ಸೇವೆ. ಎರಡನೆಯದರಲ್ಲಿ ಅಪ್‌ಡೇಟಿನ ಚಿಂತೆ ಬಹುಮಟ್ಟಿಗೆ ಅವರದು. ನಿಮಗೆ ಸಲಹೆ ಕೊಟ್ಟವರು ಯಾವುದನ್ನು ಹೇಳಿದರೆಂದು ಕೇಳಿ ತಿಳಿದುಕೊಳ್ಳಿ.

ವಿಕ್ಸ್‌ನಲ್ಲಿ ಹೋಸ್ಟಿಂಗ್, ಸುರಕ್ಷತೆ, ಅಪ್‌ಡೇಟು ಎಲ್ಲವೂ ಅವರ ಹೊಣೆ. ಪುಟದ ಭಾಗಗಳನ್ನು ಮೌಸ್‌ನಿಂದ ಎಳೆದು ಜೋಡಿಸಿದರಾಯಿತು. ಉಚಿತ ಯೋಜನೆಯಲ್ಲಿ ಅವರ ಜಾಹೀರಾತು ಕಾಣಿಸುತ್ತದೆ, ವಿಳಾಸದಲ್ಲೂ ಅವರ ಹೆಸರಿರುತ್ತದೆ. ಆದ್ದರಿಂದ ವ್ಯಾಪಾರಕ್ಕೆ ಹಣ ಕಟ್ಟುವ ಯೋಜನೆಯೇ ಬೇಕು. ಮನೆಯಲ್ಲಿ ತಿಳಿದವರಿಲ್ಲ ಎಂದಿದ್ದೀರಿ. ಹಾಗಿದ್ದರೆ ನನ್ನ ಮತ ಇದಕ್ಕೇ.

ಪುಣೆಯ ಸೀರೆ ಅಂಗಡಿ:

ನಾವು ಶಾಪಿಫೈ ಬಳಸುತ್ತಿದ್ದೇವೆ. ದಾಸ್ತಾನಿನ ಲೆಕ್ಕ, ರಿಯಾಯಿತಿ, ಕೊರಿಯರ್ ಇವೆಲ್ಲ ಒಂದೇ ಕಡೆ ಸಿಗುವುದರಿಂದ ದಿನವೂ ಆರ್ಡರ್ ಬರುವ ಅಂಗಡಿಗೆ ಅದು ತಕ್ಕುದು. ಆದರೆ ಶಾಪಿಫೈನ ಸ್ವಂತ ಪಾವತಿ ಸೇವೆ ಭಾರತದಲ್ಲಿ ಇಲ್ಲ. ರೇಜರ್‌ಪೇಯಂಥ ಗೇಟ್‌ವೇ (ಗಿರಾಕಿಯ ಹಣವನ್ನು ಆನ್‌ಲೈನ್‌ನಲ್ಲಿ ಪಡೆದುಕೊಡುವ ಸೇವೆ) ಜೋಡಿಸಬೇಕು; ಆಗ ಗೇಟ್‌ವೇಯವರ ಶುಲ್ಕದ ಮೇಲೆ ಶಾಪಿಫೈ ಕೂಡ ಪ್ರತಿ ಮಾರಾಟಕ್ಕೂ ಒಂದಿಷ್ಟು ಮುರಿದುಕೊಳ್ಳುತ್ತದೆ. ಸಾರಿನ ಪುಡಿಯ ಪೊಟ್ಟಣದಲ್ಲಿ ಉಳಿಯುವ ಲಾಭವೆಷ್ಟು ಎಂದು ನೀವೇ ಲೆಕ್ಕ ಹಾಕಿ. ಮದುವೆಯ ಅಡುಗೆಯನ್ನಂತೂ ಯಾರೂ ಕಾರ್ಟ್‌ಗೆ ಹಾಕಿ ಕೊಳ್ಳುವುದಿಲ್ಲ. ತಾರೀಕು, ಎಲೆಗಳ ಲೆಕ್ಕ, ಹಾಲ್ ಎಲ್ಲಿ ಎಂದು ಫೋನಿನಲ್ಲೇ ಮಾತು ನಡೆಯುತ್ತದೆ. ನಿಮಗೆ ಬೇಕಾಗಿರುವುದು ಒಂದು ಒಳ್ಳೆಯ ವಿಚಾರಣೆಯ ಫಾರ್ಮ್ ಮತ್ತು ವಾಟ್ಸ್‌ಆ್ಯಪ್ ಬಟನ್.

ಮುಂದೆಂದಾದರೂ ಗೇಟ್‌ವೇ ಜೋಡಿಸುವುದಾದರೆ ಅವರು ಜಾಲತಾಣದಲ್ಲಿ ಸಂಪರ್ಕದ ವಿಳಾಸ, ಷರತ್ತುಗಳು, ಹಣ ಹಿಂತಿರುಗಿಸುವ ನಿಯಮ ಇವೆಯೇ ಎಂದು ಪರಿಶೀಲಿಸಿಯೇ ಒಪ್ಪಿಗೆ ಕೊಡುತ್ತಾರೆ. ಆ ಪುಟಗಳನ್ನು ಈಗಲೇ ಬರೆಸಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ಕಾಣುವಂತೆ ಹಾಕಿ.

ಮಾಟುಂಗಾ ಲೆಕ್ಕಪತ್ರ:

ಠಾಣೆಯವರ ಸಲಹೆಗೆ ನನ್ನದೊಂದು ತಕರಾರಿದೆ. ವಿಕ್ಸ್‌ನಲ್ಲಿ ಕಟ್ಟಿದ ಜಾಲತಾಣವನ್ನು ಇಡಿಯಾಗಿ ಎತ್ತಿಕೊಂಡು ಹೋಗಿ ಬೇರೆ ಹೋಸ್ಟಿಂಗ್‌ನಲ್ಲಿ ಇಡಲು ಬರುವುದಿಲ್ಲ. ಬಾಡಿಗೆ ಏರಿಸಿದರೂ ಅಲ್ಲೇ ಇರಬೇಕು, ಇಲ್ಲವೇ ಹೊರಗೆ ಬಂದು ಮೊದಲಿನಿಂದ ಕಟ್ಟಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಾದರೆ ಬರಹಗಳನ್ನೂ ಪುಟಗಳನ್ನೂ ಒಂದು ಫೈಲಾಗಿ ಹೊರತೆಗೆದು ಮುಂದೆ ಸ್ವಂತ ಹೋಸ್ಟಿಂಗ್‌ಗೆ ಸಾಗಿಸಬಹುದು. ನೀವು ಕಟ್ಟುವುದು ಐದಾರು ಪುಟಗಳಾದರೆ ಈ ಭಯ ದೊಡ್ಡದಲ್ಲ, ಒಪ್ಪುತ್ತೇನೆ. ವಾರವಾರವೂ ಅಡುಗೆಯ ಲೇಖನ ಬರೆಯುವ ಯೋಚನೆಯಿದ್ದರೆ ಮಾತ್ರ ಇದನ್ನು ಲಘುವಾಗಿ ಕಾಣಬೇಡಿ.

ಯಾವ ತಂತ್ರಾಂಶವಾದರೂ ಆಗಲಿ, ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಣಿಯಾಗಲೇಬೇಕು. ನನ್ನ ಕಕ್ಷಿದಾರರೊಬ್ಬರ ಡೊಮೇನನ್ನು ಜಾಲತಾಣ ಮಾಡಿಕೊಟ್ಟವನು ತನ್ನ ಖಾತೆಯಲ್ಲೇ ಕೊಂಡಿದ್ದ. ಆತ ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ನವೀಕರಣದ ಸೂಚನೆಯೂ ಪಾಸ್‌ವರ್ಡ್ ಬದಲಿಸುವ ಪತ್ರವೂ ಅವನ ಇಮೇಲ್‌ಗೇ ಹೋಗುತ್ತಿದ್ದವು; ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾದ ಕೋಡ್ ಕೂಡ ಅವನ ಖಾತೆಯೊಳಗೇ ಇತ್ತು. ಬೋರ್ಡು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿತ್ತು. ಕೊನೆಗೆ ಬೇರೆ ಹೆಸರು ಕೊಳ್ಳಬೇಕಾಯಿತು. ಇನ್ನೊಂದು ಮಾತು: ಮೊದಲ ವರ್ಷದ ಬೆಲೆ ನೋಡಿ ಮರುಳಾಗದೆ ಎರಡನೆಯ ವರ್ಷದ ನವೀಕರಣದ ದರವನ್ನು ಓದಿ. ಹೋಸ್ಟಿಂಗ್‌ಗೂ ಇದೇ ಮಾತು.

ನುಡಿಯ ವಿಷಯ ಯಾರೂ ಎತ್ತಿದಂತಿಲ್ಲ. ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಗಿರಾಕಿಯ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಸಾಧನಗಳಲ್ಲೂ ಕನ್ನಡ ಸರಿಯಾಗಿ ಕಾಣಿಸುವ ಯೂನಿಕೋಡ್ ಅಕ್ಷರಕ್ರಮಕ್ಕೆ ಬದಲಿಸಿಕೊಳ್ಳಿ, ಅದಕ್ಕೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಒಮ್ಮೆ ಓದಿ ನೋಡಿ. ಪಟ್ಟಿಯ ಫೋಟೊ ಹಾಕಿದರೆ ಸಾಲದೇ ಎಂದು ಕೇಳಬೇಡಿ: ಚಿತ್ರದೊಳಗಿನ ಹೆಸರುಗಳು ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗುವುದು ಕಷ್ಟ.

ಡೊಂಬಿವಲಿ ಪಾಕಶಾಲೆ:

ಮೂವರಿಗೂ ಕೃತಜ್ಞತೆಗಳು. ಶಾಪಿಫೈ ಸದ್ಯಕ್ಕೆ ಬೇಡವೆಂದು ನಿಶ್ಚಯಿಸಿದೆವು. ಡೊಮೇನನ್ನು ಈ ವಾರ ನಾವೇ ಕೊಳ್ಳುತ್ತೇವೆ. ಉಳಿದ ಎರಡರಲ್ಲಿ ಒಂದನ್ನು ಆರಿಸಲು ಹಣ ಕಟ್ಟುವ ಮೊದಲೇ ಪರೀಕ್ಷಿಸುವ ಕ್ರಮವೇನಾದರೂ ಇದೆಯೇ?

ಠಾಣೆ ವೆಬ್ ಕೆಲಸ:

ಇದೆ. ವಿಕ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್ ಎರಡರಲ್ಲೂ ಉಚಿತ ಖಾತೆ ತೆರೆದು ಒಂದೊಂದು ಪುಟ ಮಾಡಿ: ಹಬ್ಬದೂಟದ ಪಟ್ಟಿ ಕನ್ನಡದಲ್ಲಿ, ಅದರ ಕೆಳಗೆ ಮರಾಠಿಯಲ್ಲಿ, ಫೋಟೊಗ್ರಾಫರ್ ಕೊಟ್ಟ ಎರಡು ಚಿತ್ರಗಳನ್ನು ಗಾತ್ರ ಇಳಿಸಿ ಹಾಕಿ, ಕೊನೆಯಲ್ಲೊಂದು ಫಾರ್ಮ್ ಇರಲಿ. ಪುಟ ಮಾಡುವುದು ನೀವಲ್ಲ, ಮುಂದೆ ಅದನ್ನು ತಿದ್ದಬೇಕಾದವರೇ ಮಾಡಲಿ. ಮರುದಿನ ಅವರೇ ಯಾರನ್ನೂ ಕೇಳದೆ ಹೋಳಿಗೆಯ ದರ ಬದಲಿಸಿ, ಸಾಧಾರಣ ಮೊಬೈಲ್‌ನಲ್ಲಿ ವೈಫೈ ಇಲ್ಲದೆ ಪುಟ ತೆರೆದು ನೋಡಲಿ. ಅವರ ಕೈಗೆ ಯಾವುದು ಹೊಂದಿತೋ ಅದಕ್ಕೆ ಹಣ ಕಟ್ಟಿ. ವಿಕ್ಸ್ ಆದರೆ ಟೆಂಪ್ಲೇಟನ್ನು (ಜಾಲತಾಣದ ಸಿದ್ಧ ವಿನ್ಯಾಸ) ಮಾತ್ರ ಯೋಚಿಸಿ ಆರಿಸಿ. ಜಾಲತಾಣ ಕಟ್ಟಿದ ಮೇಲೆ ಇನ್ನೊಂದು ಟೆಂಪ್ಲೇಟಿಗೆ ಬದಲಾಯಿಸಲು ಬರುವುದಿಲ್ಲ.