1965ರ ಎಂಜಿಬಿ: ಮಳೆಗಾಲ ಕಳೆದ್ಮೇಲೆ ಕ್ಲಚ್ ಬಿಡ್ತಾ ಇಲ್ಲ, ಪೆಡಲ್ಲೂ ಮೆತ್ತಗಿದೆ

ಸುಂಟಿಕೊಪ್ಪ_ತೋಟ
ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1965ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಜೂನಿಂದ ತೋಟದ ಶೆಡ್ಡಲ್ಲೇ ನಿಂತಿತ್ತು, ಮಳೇಲಿ ಯಾರೂ ಸ್ಟಾರ್ಟ್ ಮಾಡಿರ್ಲಿಲ್ಲ. ಈಗ ಬ್ಯಾಟರಿ ಚಾರ್ಜ್ ಮಾಡಿ ಹಾಕಿದ್ರೆ ಎಂಜಿನ್ ಚೆನ್ನಾಗೇ ಎದ್ದಿದೆ, ಆದ್ರೆ ಕ್ಲಚ್ ಒತ್ತಿ ಯಾವ ಗೇರ್ ಹಾಕೋಕೆ ಹೋದ್ರೂ ಕರಕರ ಅನ್ನುತ್ತೆ, ಬೀಳೋದೇ ಇಲ್ಲ. ಎಂಜಿನ್ ಆಫ್ ಇದ್ರೆ ಎಲ್ಲಾ ಗೇರೂ ಸಲೀಸಾಗಿ ಬೀಳುತ್ತೆ. ಪೆಡಲ್ ಅರ್ಧದವರೆಗೂ ಖಾಲಿ ಖಾಲಿ, ಪಟಪಟ ಪಂಪ್ ಮಾಡಿದ್ರೆ ಸ್ವಲ್ಪ ಮೇಲೆ ಬರುತ್ತೆ, ಆದ್ರೆ ಹಾಗೆ ಪಂಪ್ ಮಾಡಿ ಹಿಡಿದ್ರೂ ಗೇರ್ ಬೀಳಲ್ಲ. ಕ್ಲಚ್ ಆಯಿಲ್ ಡಬ್ಬಿ ತೆಗೆದ್ರೆ ತಳದಲ್ಲಿ ಒಂಚೂರು ಕಪ್ಪು ಆಯಿಲ್ ಇತ್ತು ಅಷ್ಟೆ. ಒಬ್ರು ಮೆಕ್ಯಾನಿಕ್ ಬಂದು ನೋಡಿ ಕ್ಲಚ್ ಪ್ಲೇಟ್ ಹೋಗಿದೆ ಎಂಜಿನ್ ಇಳಿಸ್ಬೇಕು ಅಂತಾರೆ. ಈ ಗಾಡೀಲಿ ಗೇರ್ ಬಾಕ್ಸ್ ಮಾತ್ರ ಕೆಳಗಿಂದ ಇಳಿಸೋಕಾಗಲ್ಲ, ಎಂಜಿನ್ನೇ ಎತ್ಬೇಕು, ಕಾಫಿ ಕುಯ್ಲು ಶುರುವಾದ್ರೆ ನನಗೆ ಪುರುಸೊತ್ತೂ ಇರಲ್ಲ. ಎತ್ತೋ ಮುಂಚೆ ಏನಾದ್ರೂ ನೋಡ್ಬಹುದಾ?

ಮಡಿಕೇರಿ_ಹಳೇಗಾಡಿ
ದಯವಿಟ್ಟು ಈಗ್ಲೇ ಎಂಜಿನ್ ಎತ್ತಬೇಡಿ. ಪ್ಲೇಟ್ ಸವೆದ್ರೆ ಕ್ಲಚ್ ಸ್ಲಿಪ್ ಆಗುತ್ತೆ, ಅಂದ್ರೆ ಎಂಜಿನ್ ಕೂಗುತ್ತೆ ಗಾಡಿ ಏರಲ್ಲ. ನಿಮ್ದು ಅದರ ಉಲ್ಟಾ, ಕ್ಲಚ್ ಬಿಡ್ತಾನೇ ಇಲ್ಲ. ಅದಕ್ಕೆ ಎರಡು ಕಾರಣ ಇರ್ಬಹುದು, ಒಂದೋ ನೀವು ಒತ್ತಿದ್ದು ಕೆಳಗೆ ಸ್ಲೇವ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಕ್ಲಚ್ ತಳ್ಳೋ ಸಿಲಿಂಡರ್) ತನಕ ತಲುಪ್ತಿಲ್ಲ, ಇಲ್ಲಾ ತಲುಪಿದ್ರೂ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ (ಎಂಜಿನ್ ಜೊತೆ ತಿರುಗೋ ಭಾರದ ಚಕ್ರ) ಅಂಟ್ಕೊಂಡಿದೆ. ನೀವು ಹೇಳೋದು ಕೇಳಿದ್ರೆ ನಂಗೆ ಎರಡೂ ಇದೆ ಅನ್ಸುತ್ತೆ. ಪಂಪ್ ಮಾಡಿದ್ರೆ ಪೆಡಲ್ ಮೇಲೆ ಬರೋದು ಅಂದ್ರೆ ಲೈನಲ್ಲಿ ಏರ್ ಇದೆ.

ಮೊದ್ಲು ಅಳತೆ ತಗೊಳ್ಳಿ. ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಮನೇಲಿ ಯಾರಿಗಾದ್ರೂ ಪೆಡಲ್ ಪೂರ್ತಿ ಒತ್ತೋಕೆ ಹೇಳಿ ನೀವು ಕೆಳಗೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಕವಚ) ಬದೀಲಿರೋ ಸ್ಲೇವ್ ಸಿಲಿಂಡರಿನ ಪುಶ್ ರಾಡ್ ಎಷ್ಟು ಸರಿಯುತ್ತೆ ನೋಡಿ. ಎಂಜಿಬೀಲಿ ಸುಮಾರು ಅರ್ಧ ಇಂಚು, 12-13 ಮಿಲಿಮೀಟರ್ ಬರ್ಬೇಕು. ಅಷ್ಟು ಬಂದೂ ಗೇರ್ ಬೀಳದಿದ್ರೆ ಕ್ಲಚ್ ಅಂಟಿದೆ, ಕಮ್ಮಿ ಬಂದ್ರೆ ಮೊದ್ಲು ಹೈಡ್ರಾಲಿಕ್, ಅಂದ್ರೆ ಆಯಿಲ್ ಸಿಲಿಂಡರ್, ಪೈಪ್ ನೋಡ್ಬೇಕು. ಹಾಗೇ ಸ್ಲೇವಿನ ರಬ್ಬರ್ ಬೂಟ್ ಸರಿಸಿ ನೋಡಿ, ಒಳಗೆ ಒದ್ದೆ ಇದ್ರೆ ಸೀಲ್ ಹೋಗಿದೆ.

ಪೆಡಲ್ ಮೇಲುಗಡೆ ಕ್ಲೆವಿಸ್ ಪಿನ್ನೂ (ಪೆಡಲನ್ನ ಮೇಲಿನ ಮಾಸ್ಟರ್ ಸಿಲಿಂಡರಿನ ರಾಡಿಗೆ ಸೇರಿಸೋದು) ನೋಡ್ಬೇಕು, ಇದನ್ನ ಎಲ್ರೂ ಬಿಟ್ಬಿಡ್ತಾರೆ. ಪಿನ್ ಸವೆದು ಪೆಡಲ್ ತೂತು ಮೊಟ್ಟೆ ಆಕಾರಕ್ಕೆ ಬಂದಿದ್ರೆ ಒತ್ತಿದ್ರಲ್ಲಿ ಒಂದಿಷ್ಟು ಅಲ್ಲೇ ಕಳ್ದೋಗುತ್ತೆ. ಹೊಸ ಪಿನ್ನಿಗೆ ಜಾಸ್ತಿ ದುಡ್ಡಾಗಲ್ಲ. ಪರೀಕ್ಷೆಗೆ ರಿವರ್ಸ್ ಗೇರನ್ನೇ ಬಳಸಿ, ನಿಮ್ಮ ಮಾಡೆಲ್ಲಲ್ಲಿ ಫಸ್ಟಿಗೂ ಸಿಂಕ್ರೋ (ವೇಗ ಹೊಂದಿಸಿ ಗೇರ್ ಸಲೀಸಾಗಿ ಬೀಳಿಸೋ ಭಾಗ) ಇಲ್ಲ ರಿವರ್ಸಿಗೂ ಇಲ್ಲ, ಹಾಗಾಗಿ ಕ್ಲಚ್ ಪೂರ್ತಿ ಬಿಡದೆ ಸ್ವಲ್ಪ ಎಳೆದ್ರೂ ತಕ್ಷಣ ಗೊತ್ತಾಗುತ್ತೆ.

ಬೆಟ್ಟದ_ರೈಡರ್
ಡಬ್ಬಿ ಖಾಲಿ ಇದೆ ಅಂದ್ರಲ್ಲ, ಸದ್ಯಕ್ಕೆ ಯಾವ್ದಾದ್ರೂ ತೆಳು ಆಯಿಲ್ ಹಾಕಿ ಪಂಪ್ ಮಾಡಿ ನೋಡಿ ಬ್ರೋ, ನಮ್ಮ ತೋಟದ ಟಿಲ್ಲರಿಗೆ ಹಾಕೋದಿದ್ರೂ ಸಾಕು, ಗಾಡಿ ಅಲ್ಲಿಂದ ಹೊರಗೆ ಬಂದ್ರೆ ಆಯ್ತಲ್ಲ

ವಿರಾಜಪೇಟೆ_ಲೇತ್
ಬೇಡ ಬೇಡ, ಎಂಜಿನ್ ಆಯಿಲ್ ಗೇರ್ ಆಯಿಲ್ ಒಂದು ಹನಿಯೂ ಹಾಕ್ಬೇಡಿ. ಈ ಸಿಲಿಂಡರಿನ ರಬ್ಬರ್ ಬ್ರೇಕ್ ಆಯಿಲಿಗೆ ಅಂತಲೇ ಮಾಡಿರೋದು, ಪೆಟ್ರೋಲಿಯಂ ಆಯಿಲ್ ತಾಗಿದ್ರೆ ಊದಿ ಮೆತ್ತಗಾಗುತ್ತೆ. ಆಮೇಲೆ ಮಾಸ್ಟರ್, ಸ್ಲೇವ್, ಹೋಸ್ ಮೂರೂ ಬಿಚ್ಚಿ ತೊಳೆದು ಎಲ್ಲಾ ರಬ್ಬರೂ ಬದಲಾಯಿಸ್ಬೇಕು. ಡಾಟ್ 4 ಬ್ರೇಕ್ ಆಯಿಲ್ ಹಾಕಿ. ಸಿಲಿಕಾನಿನ ಡಾಟ್ 5 ಅದರ ಜೊತೆ ಬೆರೆಸೋ ಹಾಗಿಲ್ಲ.

ಡಾಟ್ 4 ಗಾಳೀಲಿರೋ ನೀರು ಹೀರುತ್ತೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಬೀರು ಒಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಇನ್ನು ಹಳೇ ಬ್ರೇಕ್ ಆಯಿಲ್ ಬಿಡುತ್ತಾ, ನೀರು ಸೇರಿ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬೀಳುತ್ತೆ. ಗುಳಿ ಬಿದ್ದ ಸಿಲಿಂಡರಿಗೆ ಹೊಸ ರಬ್ಬರ್ ಸೀಲಿನ ಕಿಟ್ ಹಾಕಿದ್ರೂ ಸ್ವಲ್ಪ ದಿನಕ್ಕೆ ಮತ್ತೆ ಸೋರುತ್ತೆ, ಉಗುರು ಆಡಿಸಿ ನೋಡಿ, ಸಿಕ್ಕಿಕೊಂಡ್ರೆ ಒಳಗೆ ಸ್ಟೇನ್‌ಲೆಸ್ ಇಲ್ಲಾ ಹಿತ್ತಾಳೆ ಸ್ಲೀವ್ ಹಾಕಿಸಿ, ಇಲ್ಲಾ ಹೊಸದೇ ತರಿಸಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿದ್ರೆ ಇಷ್ಟೆಲ್ಲಾ ಬರಲ್ಲ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಹುಯ್ದು ತೊಳೀರಿ.

ಸುಂಟಿಕೊಪ್ಪ_ತೋಟ
ಇಬ್ರಿಗೂ ತುಂಬಾ ಥ್ಯಾಂಕ್ಸ್ ಸರ್. ರಾಡ್ 5 ಮಿಲಿಮೀಟರೂ ಸರೀತಿರ್ಲಿಲ್ಲ, ಬೂಟ್ ಒಳಗೆ ಒದ್ದೆ ಇತ್ತು. ಸ್ಲೇವ್ ಬಿಚ್ಚಿದೆ, ಗುಳಿ ಏನಿಲ್ಲ, ನೈಸಾಗೇ ಇದೆ, ಸೀಲ್ ಮಾತ್ರ ಗಟ್ಟಿಯಾಗಿತ್ತು. ಕಿಟ್ ಹಾಕಿ ಹೊಸ ಡಾಟ್ 4 ತುಂಬ್ಸಿದೀನಿ, ಆದ್ರೆ ಎಷ್ಟು ಬ್ಲೀಡ್ ಮಾಡಿದ್ರೂ ಏರ್ ಪೂರ್ತಿ ಹೋಗ್ತಿಲ್ಲ.

ಮಡಿಕೇರಿ_ಹಳೇಗಾಡಿ
ಮಾಮೂಲಿ ಥರ ಮೇಲಿಂದ ಪಂಪ್ ಮಾಡಿದ್ರೆ ಈ ಗಾಡೀಲಿ ಏರ್ ಪೈಪಿನ ಎತ್ತರದ ಜಾಗದಲ್ಲೇ ಕೂತಿರುತ್ತೆ ಮಾರಾಯ್ರೆ. ಸ್ಲೇವಿನ ಎರಡು ಬೋಲ್ಟ್ ತೆಗೆದು, ಹೋಸ್ ಬಿಚ್ಚದೆ, ಪಿಸ್ಟನ್ನನ್ನ ಕೈಯಲ್ಲಿ ನಿಧಾನಕ್ಕೆ ಪೂರ್ತಿ ಒಳಗೆ ಒತ್ತಿ, ಗುಳ್ಳೆ ಮೇಲೆ ಡಬ್ಬೀಲಿ ಬರುತ್ತೆ. ಆಗ ಪೆಡಲ್ ಯಾರೂ ಮುಟ್ಟಬಾರದು, ಪಿಸ್ಟನ್ ಹಾರಿ ಹೊರಗೆ ಬರುತ್ತೆ. ಅದಕ್ಕೂ ಆಗದಿದ್ರೆ ಕೆಳಗಿಂದ ಮೇಲಕ್ಕೆ ತುಂಬಿಸಿ: ಮುಂದಿನ ಬ್ರೇಕ್ ಕ್ಯಾಲಿಪರಿನ ನಿಪ್ಪಲ್ಲಿಂದ (ಏರ್ ಬಿಡೋ ತಿರುಪು) ಸ್ಲೇವ್ ನಿಪ್ಪಲ್ಲಿಗೆ ಒಂದು ಪಾರದರ್ಶಕ ಪೈಪ್ ಕೊಟ್ಟು, ಎರಡೂ ನಿಪ್ಪಲ್ ಸಡಿಲ ಮಾಡಿ, ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿ. ಕಾಲು ಎತ್ತೋ ಮುಂಚೆ ಪ್ರತಿ ಸಲ ಕ್ಯಾಲಿಪರ್ ನಿಪ್ಪಲ್ ಬಿಗಿ ಮಾಡ್ಬೇಕು. ಬ್ರೇಕಲ್ಲಿ ಹೊಸ ಆಯಿಲ್ ಇದ್ರೆ ಮಾತ್ರ ಈ ದಾರಿ ಹಿಡೀರಿ. ಬ್ರೇಕ್ ಡಬ್ಬಿ ಖಾಲಿ ಆಗಬಾರದು, ಕ್ಲಚ್ ಡಬ್ಬಿ ತುಂಬಿ ಚೆಲ್ಲಬಾರದು.

ಸುಂಟಿಕೊಪ್ಪ_ತೋಟ
ಸರ್, ಪಿಸ್ಟನ್ ಒಳಗೊತ್ತೋ ಉಪಾಯದಲ್ಲೇ ಏರ್ ಹೋಯ್ತು! ಪೆಡಲ್ ಈಗ ಗಟ್ಟಿ, ರಾಡ್ 13 ಮಿಲಿಮೀಟರ್ ಬರ್ತಾ ಇದೆ. ಆದ್ರೂ ಗೇರ್ ಬೀಳ್ತಿಲ್ಲ.

ಮಡಿಕೇರಿ_ಹಳೇಗಾಡಿ
ಹಾಗಾದ್ರೆ ಪ್ಲೇಟ್ ಅಂಟಿರೋದು ಖಚಿತ. ಹೈಡ್ರಾಲಿಕ್ ಸರಿಯಾಗಿದ್ದು ಒಳ್ಳೇದಾಯ್ತು, ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋದು) ಹಿಂದೆ ಸರಿಯದೆ ಏನು ಮಾಡಿದ್ರೂ ಅಂಟು ಬಿಡ್ತಿರ್ಲಿಲ್ಲ. ಮೊದ್ಲು ನ್ಯೂಟ್ರಲ್ಲಲ್ಲಿ ಎಂಜಿನ್ ಓಡಿಸಿ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ. ಪೆಡಲ್ ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ಮಧ್ಯೆ ಒಂದು ಮರದ ತುಂಡು ಕೊಟ್ಟು ರಾತ್ರಿ ಪೂರ್ತಿ ಬಿಡಿ, ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತೆ.

ಬಿಡದಿದ್ರೆ ಕಾಫಿ ಕಣಕ್ಕೆ ತಳ್ಳಿಕೊಂಡು ಹೋಗಿ, ಮುಂದೆ ಪೂರ್ತಿ ಖಾಲಿ ಇರ್ಬೇಕು, ಮಕ್ಕಳು ನಾಯಿ ಯಾರೂ ಹತ್ರ ಇರಬಾರದು. ಎಂಜಿನ್ ಮತ್ತೆ ಬಿಸಿ ಮಾಡಿ ಆಫ್ ಮಾಡಿ, ಸೆಕೆಂಡ್ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದು ಸೆಲ್ಫ್ ಹೊಡೀರಿ, ಗಾಡಿ ಹಾಗೇ ಹೊರಡುತ್ತೆ. ಕ್ಲಚ್ ಒತ್ತೇ ಇರ್ಲಿ, ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಿ, ನಡುವೆ ಬ್ರೇಕ್ ತಟ್ಟಿ. ಒಮ್ಮೆಲೇ ಜೋರಾಗಿ ತುಳಿಯಬೇಡಿ, ಪ್ಲೇಟಿನ ಲೈನಿಂಗ್ ಕಿತ್ತು ಬಂದ್ರೆ ಆಗ ನಿಜಕ್ಕೂ ಎಂಜಿನ್ ಎತ್ಬೇಕಾಗುತ್ತೆ. ತೋಟದ ಇಳಿಜಾರು ರಸ್ತೇಲಿ ಖಂಡಿತಾ ಬೇಡ, ಕಣಕ್ಕೆ ಹೋಗೋ ಮೊದ್ಲು ಬ್ರೇಕ್ ಸರಿಯಾಗಿ ಹಿಡಿಯುತ್ತಾ ನೋಡ್ಕೊಳ್ಳಿ.

ಸುಂಟಿಕೊಪ್ಪ_ತೋಟ
ಬಿಡ್ತು ಸರ್!! ಮರದ ತುಂಡಿಗೆ ಜಗ್ಗಿರ್ಲಿಲ್ಲ, ಕಣದಲ್ಲಿ ಬ್ರೇಕ್ ತಟ್ಟಿದಾಗ ಟಕ್ ಅಂತ ಶಬ್ದ ಬಂತು, ಈಗ ರಿವರ್ಸೂ ಸದ್ದಿಲ್ದೆ ಬೀಳುತ್ತೆ, ದೊಡ್ಡಪ್ಪ ಪಕ್ಕದಲ್ಲಿ ಕೂತು ಒಂದು ಸುತ್ತು ಹಾಕಿಸ್ಕೊಂಡ್ರು. ಒಂದೇ ಡೌಟು, ಫಸ್ಟಲ್ಲಿ ಹೊರಡುವಾಗ ಗಾಡಿ ಸ್ವಲ್ಪ ನಡುಗುತ್ತೆ. ಇನ್ನು ಮುಂದಿನ ಮಳೆಗಾಲಕ್ಕೆ ಪೆಡಲಿಗೆ ಮರ ಕೊಟ್ಟೇ ನಿಲ್ಸಿದ್ರೆ ಆಗುತ್ತಾ?

ವಿರಾಜಪೇಟೆ_ಲೇತ್
ಖುಷಿಯಾಯ್ತು ನೋಡಿ. ನಡುಕ ಫ್ಲೈವೀಲ್ ಮೇಲಿನ ತುಕ್ಕಿಂದ, ಓಡಿಸ್ತಾ ಓಡಿಸ್ತಾ ಉಜ್ಜಿ ಹೋಗುತ್ತೆ. ಕುಶಾಲನಗರದ ತನಕ ಹೋಗಿ ಬಂದ್ಮೇಲೂ ಹಾಗೇ ಇದ್ರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ತಿಂಗಳುಗಟ್ಟಲೆ ಮರ ಕೊಡೋದು ನಾನು ಒಪ್ಪಲ್ಲ, ಕ್ಲಚ್ಚಿನ ಡಯಾಫ್ರಮ್ ಸ್ಪ್ರಿಂಗ್ ಅಷ್ಟು ದಿನ ಒತ್ತಡದಲ್ಲೇ ಇರುತ್ತೆ, ಸೀಲ್ ಸ್ವಲ್ಪ ಬಿಟ್ಟುಕೊಟ್ರೂ ಪ್ಲೇಟ್ ಮತ್ತೆ ಹೋಗಿ ಕೂತ್ಕೊಳ್ಳುತ್ತೆ. ಅದ್ರ ಬದ್ಲು ಮಳೆ ಬಿಟ್ಟಾಗೆಲ್ಲ ಸ್ಟಾರ್ಟ್ ಮಾಡಿ ಬಿಸಿ ಆಗೋ ತನಕ ಬಿಟ್ಟು, ಕ್ಲಚ್ ಒತ್ತಿ ಗೇರ್ ಹಾಕಿ ಶೆಡ್ಡಲ್ಲೇ ಹಿಂದೆ ಮುಂದೆ ಮಾಡಿ. ಮತ್ತೆ ಆ ಕ್ಲಚ್ ಹೋಸ್ ಹಳೇದೇ ಇದ್ರೆ ಅದನ್ನೂ ಬದಲಾಯಿಸಿ, ಒಳಗೆ ಊದಿಕೊಂಡ್ರೆ ಪೆಡಲ್ ಬಿಟ್ಮೇಲೂ ಆಯಿಲ್ ಬೇಗ ವಾಪಸ್ ಬರಲ್ಲ, ಕ್ಲಚ್ ಸ್ಲಿಪ್ ಆಗೋಕೆ ಶುರುವಾಗುತ್ತೆ.